ಹೊಗೆಗೆ ದನಿ ಕೊಟ್ಟ ಖಾದರ್ ಸರ್

ಹೊಗೆಯ ಮುಂದೆ ಕುಳಿತರೆ ಖಾದರ್ ಸರ್‌ಗೆ ಊಟದ ನೆನಪೂ ಇರುತ್ತಿರಲಿಲ್ಲ. ಯಾದಗಿರಿಯ ಪಾಲಿಟೆಕ್ನಿಕ್‌ನಲ್ಲಿ ನನ್ನ ಜೊತೆ ಕಲಿಸುತ್ತಿದ್ದವರು. ಮನೆಯ ಹಿತ್ತಲಲ್ಲಿ ಒಂದು ಕೊಳವೆ ನಿಲ್ಲಿಸಿದ್ದರು. ಕೆಳಗೆ ಬ್ಲೋವರ್, ಗಾಳಿ ಗಿರಗಿರ ಸುತ್ತಿ ಬರಲೆಂದು ಒಳಗೆ ಓರೆ ರೆಕ್ಕೆಗಳು, ಸುತ್ತುವುದು ಕಾಣಲೆಂದು ಲೋಬಾನ ಧೂಪದ ಹೊಗೆ, ಪಕ್ಕದಲ್ಲೊಂದು ಹಳೆಯ ಸ್ಪೀಕರ್. ಅದು ತಕ್ಕ ಸ್ವರದಲ್ಲಿ ಗುಂಯ್ ಎಂದರೆ ಹೊಗೆ ಅರಳಿ ಸುತ್ತಲಿನ ಗಾಳಿಯೊಡನೆ ಬೆರೆಯುತ್ತಿತ್ತು.

"ಗದ್ದಲ ಅಲ್ರಿ ಇದು, ಗಾಳಿಗೆ ಬುದ್ಧಿ ಹೇಳೂದು," ಎನ್ನುತ್ತಿದ್ದರು. ನನಗೋ ತಲೆನೋವು.

ಇಷ್ಟೆಲ್ಲ ತಂಗಿ ಜೈನಾಬಿಗಾಗಿ. ಸುರಪುರದಲ್ಲಿ ಆಕೆಯದು ಚುರಮುರಿ ಹುರಿಯುವ ಭಟ್ಟಿ. ಭತ್ತದ ಹೊಟ್ಟಿನ ಉರಿಗೆ ಗಾಳಿ ಸರಿಯಾಗಿ ಬೆರೆಯದೆ ದಟ್ಟ ಹೊಗೆ, ಅದನ್ನು ಕುಡಿದು ಕುಡಿದು ಬಿಡದ ಕೆಮ್ಮು. "ಆಕಿ ಭಟ್ಟಿ ಬಿಡಂಗಿಲ್ಲ. ಹೊಗಿನೇ ಬಿಡಸಬೇಕು," ಎಂದು ಸರ್ ಹಟ ಹಿಡಿದಿದ್ದರು.

ಒಂದು ಗುರುವಾರ, ದರ್ಗಾಗಳಲ್ಲಿ ಲೋಬಾನ ಹಾಕುವ ದಿನ, ಸಂಜೆ ಅವರ ಮನೆಯಿಂದ ಲೋಬಾನದ ವಾಸನೆ, ಗುಂಯ್‌ಗುಡುವ ದನಿ. ಯಾರೋ ಬಾಬಾ ಬಂದಿದ್ದಾರೆಂದು ಸುದ್ದಿ ಹಬ್ಬಿ, ಗೋಗಿ ಹಳ್ಳಿಯಿಂದ ಒಬ್ಬಾಕೆ ಜ್ವರದ ಕೂಸನ್ನೆತ್ತಿಕೊಂಡು ಬಂದಳು. "ಬಾಬಾ, ಕೂಸಿಗಿ ದುವಾ ಓದಿ ಸ್ವಲ್ಪ ಊದ್ರಿ."

"ಯವ್ವಾ, ಊದೂದು ನಾ ಅಲ್ಲ, ಬ್ಲೋವರ್!" ಎಂದು ಸರ್ ತಾವೇ ಆಟೊ ಹತ್ತಿಸಿ ದವಾಖಾನೆಗೆ ಕರೆದೊಯ್ದರು. ಜ್ವರ ಇಳಿಯಿತು. ಮುಂದಿನ ಗುರುವಾರ ಇನ್ನಷ್ಟು ಕೂಸುಗಳು ಬಂದವು. ಕರ್ಮ! ಅವನ್ನೂ ದವಾಖಾನೆಗೆ ಸಾಗಿಸಿದೆವು.

ಕೊನೆಗೊಮ್ಮೆ ಸಾಮಾನೆಲ್ಲ ಹೊತ್ತುಕೊಂಡು ಸುರಪುರಕ್ಕೆ ಹೋದೆವು. ಭಟ್ಟಿಯ ಉರಿ ಭೋರೆನ್ನುತ್ತಿತ್ತು. ಸ್ಪೀಕರಿನ ದನಿಯನ್ನು ಅದು ಲೆಕ್ಕಕ್ಕೇ ಇಡಲಿಲ್ಲ. ಜೈನಾಬಿ ಕೆಮ್ಮುತ್ತಲೇ ನಕ್ಕಳು. "ಭಾಯಿ, ದಿನಾ ಮುಂದ ಕುಂತ ನನ್ನ ಮಾತೇ ಕೇಳಂಗಿಲ್ಲ ಇದು. ನಿಂದು ಕೇಳ್ತದೇನು?" ವಾಪಸ್ ಬಸ್ಸು ಶಹಾಪುರ ದಾಟುವವರೆಗೂ ಸರ್ ಸ್ಪೀಕರಿನ ತಂತಿ ಬಿಚ್ಚಿ ಸುತ್ತುತ್ತಲೇ ಇದ್ದರು. ನನಗೂ ಸಾಕುಸಾಕಾಗಿತ್ತು.

ಮರುವರ್ಷ ಜೈನಾಬಿ ತೀರಿಕೊಂಡಳು. ಕೆಲವು ತಿಂಗಳ ಮೇಲೆ ಸರ್ ನನ್ನನ್ನು ಕರೆಸಿದರು. ನಾನು ಅವರನ್ನು ಕೊನೆಯದಾಗಿ ಕಂಡದ್ದು ಅಂದೇ. ಹಿತ್ತಲಲ್ಲಿ ಅಂಥದೇ ಭಟ್ಟಿ ಕಟ್ಟಿ, ಈ ಸಲ ಬ್ಲೋವರಿನ ಗಾಳಿ ಹೊರಡುವ ಬಾಯಿಗೇ ಸ್ಪೀಕರ್ ಜೋಡಿಸಿದ್ದರು. ದನಿ ಹಚ್ಚಿದರು. ಕರಿ ಹೊಗೆ ತೆಳುವಾಗುತ್ತ ಹೋಗಿ ಇಲ್ಲವಾಯಿತು.

"ಆತಲ್ರೀ ಸರ್!" ಎಂದು ಕೂಗಿಬಿಟ್ಟೆ.

"ಆತ್ರಿ. ಈಗ ಆಕಿ ಸೊಸಿ ಕುಂದರತಾಳ ಭಟ್ಟಿ ಮುಂದ. ನೀವೇ ಒಯ್ದು ಹಚ್ಚಿಕೊಡ್ರಿ. ನನ್ನ ಕಡಿಂದ ಅಲ್ಲಿಗಿ ಹೋಗೂದು ಆಗಂಗಿಲ್ಲ."

ಹಾಗೆಂದು ಸ್ಪೀಕರ್ ಆರಿಸಿದರು. ಹೊಗೆ ಮತ್ತೆ ದಟ್ಟವಾಗಿ ಎದ್ದಿತು. ಸರ್ ಅದರ ನಡುವೆಯೇ ಕುಳಿತರು. ಏಳಿಸಲು ರಟ್ಟೆ ಹಿಡಿದೆ, ಕೊಸರಿಕೊಂಡರು.

"ಆಕಿ ಜನ್ಮೆಲ್ಲಾ ಕುಡದಾಳ್ರಿ ಇದನ್ನ. ನಾ ಒಂದ್ ಘಳಿಗಿ ಕುಡಿತೀನಿ, ಬಿಡ್ರಿ."