ಉಪ್ಪುಂದದ ಅನೂಪ್ ಕೆಡವದ ಮನೆ

ಅನೂಪ್ ಉಪ್ಪುಂದದ ಮೀನುಗಾರರ ಮನೆಯವನು. ದೋಣಿ ಹತ್ತಿದರೆ ಸಾಕು, ವಾಂತಿ ಮಾಡಿಕೊಳ್ಳುತ್ತಿದ್ದ. ಅಪ್ಪನ ಕಸುಬು ಒಗ್ಗದೆ ಹಿಟಾಚಿ ಓಡಿಸಲು ಕಲಿತ. ಹೆದ್ದಾರಿ ಅಗಲ ಮಾಡುವಾಗ ಅಂಗಡಿ, ಜಗಲಿ, ಕಾಂಪೌಂಡು ಎಂದು ನೋಡದೆ ಕೆಡವಿದ ಯಂತ್ರಗಳಲ್ಲಿ ಅವನದೂ ಒಂದು. ಜನ ಮಣ್ಣು ಹಿಡಿದು ಶಾಪ ಹಾಕಿದರು. ಜಗಲಿ ಕಳೆದುಕೊಂಡ ನೆಂಟರೊಬ್ಬರು ಅವನ ಮದುವೆಗೇ ಬರಲಿಲ್ಲ.

"ನಾ ಅಲ್ದಿರೆ ಇನ್ನೊಬ್ಬ ಒಡೀತ" ಎನ್ನುತ್ತಿದ್ದ ಅನೂಪ್.

ಇದೇ ಗಟ್ಟಿತನ ನೋಡಿ ಕೋಟೇಶ್ವರದ ರತನ್ ಅವನನ್ನು ಇರಾಕಿಗೆ ಕರೆಸಿಕೊಂಡ. ರತನ್ ಅಲ್ಲಿ ಕಟ್ಟಡ ಕಂಪನಿಯೊಂದರ ಫೋರ್‌ಮನ್. ವರ್ಷಗಟ್ಟಲೆ ಗಲ್ಫಿನಲ್ಲಿದ್ದು ಅರಬ್ಬಿ ಕಲಿತವನು. ಕೆಲಸವಿದ್ದದ್ದು ಯುದ್ಧ ನಿಂತ ನಗರವೊಂದರಲ್ಲಿ. ನದಿ ದಂಡೆಯ ಹಳೆಯ ಕೇರಿಯನ್ನು ಪೂರ್ತಿ ತೆಗೆದು ಹೋಟೆಲು, ಫ್ಲ್ಯಾಟು, ಅಗಲದ ರಸ್ತೆ ಮಾಡುವ ಯೋಜನೆ. ಆದರೆ ಓಡಿಹೋಗಿದ್ದ ಜನ ತಿರುಗಿ ಬಂದು, ಬಾಂಬಿಗೆ ಬಿರಿದ ಗೋಡೆಗಳ ನಡುವೆಯೇ ಒಲೆ ಹೂಡಿದ್ದರು. ತಮ್ಮ ಮನೆ ತಾವೇ ಕಟ್ಟಿಕೊಳ್ಳುತ್ತೇವೆ, ಜಾಗ ಬಿಡುವುದಿಲ್ಲ ಎಂದು ಹಟ ಹಿಡಿದಿದ್ದರು. ಕಂಪನಿಯ ಬೋರ್ಡುಗಳನ್ನು ಕಿತ್ತು ನದಿಗೆ ಎಸೆದರು. ರೊಟ್ಟಿ ಅಂಗಡಿಯವನು ಅನೂಪನನ್ನು ಕಂಡರೆ ಬಾಗಿಲು ಹಾಕುತ್ತಿದ್ದ. ಭಾಷೆ ಬಾರದಿದ್ದರೂ ಬೈಗಳು ಅವನಿಗೆ ಅರ್ಥವಾಗುತ್ತಿತ್ತು.

ಒಂದು ದಿನ ಮಾಳಿಗೆ ಕುಸಿದ ಮನೆಯೊಂದನ್ನು ತೆಗೆಯಲು ಹೇಳಿದರು. ಮುದುಕಿಯೊಬ್ಬಳು ಯಂತ್ರಕ್ಕೆ ಅಡ್ಡ ನಿಂತು ಎದೆ ಬಡಿದುಕೊಂಡಳು.

"ಎಂತ ಹೇಳ್ತ್ರ್ ಅವ್ರ್?" ಅನೂಪ್ ಕೇಳಿದ.

"ಮಗ, ಸೊಸೆ ಅಡಿಯಂಗೆ ಇದ್ರ್ ಅಂಬ್ರ್. ಬರೀ ಕಥೆ. ಜಾಗ ಬಿಡೂಕೆ ಮನ್ಸಿಲ್ಲ ಅಷ್ಟೇ" ಎಂದ ರತನ್.

ಪೊಲೀಸರು ಅವಳನ್ನು ಎಳೆದು ಬದಿಗೆ ನಿಲ್ಲಿಸಿದರು. ಅನೂಪ್ ಮೊದಲ ಸ್ಲ್ಯಾಬು ಎತ್ತಿದ. ಕೆಳಗೆ ಮಂಚದ ಕಬ್ಬಿಣ, ಹಸಿರು ಹೊದಿಕೆ. ಹೊದಿಕೆಯೊಳಗೆ ಮೂಳೆಗಳು. ಅವನ ಕೈ ನಿಂತಿತು.

"ಹ್ವಾಯ್, ಎಂತಕ್ ನಿಲ್ಸಿದೆ?" ರತನ್ ಕೂಗಿದ.

"ಅಡಿಯಂಗೆ ಜನ ಇದ್ರ್ ಮಾರಾಯ್ರೆ."

"ಸತ್ತೋರ್ ಅಲ್ದಾ? ಲಾರಿಗೆ ತುಂಬ್ಸ್. ಸಂಜಿ ಒಳ್ಗೆ ಖಾಲಿ ಆಯ್ಕ್."

"ನಿಮ್ ಮನಿಯೋರ್ ಆಯಿದ್ರೆ ತುಂಬ್ಸ್ತಿದ್ರ್ಯಾ? ನಾ ತುಂಬ್ಸೂದಿಲ್ಲ."

"ಹಾಂಗಾರೆ ಇಳಿ ಕೆಳ್ಗೆ! ನಿನ್ನಂತೋರ್ ಸಾವ್ರ ಸಿಕ್ತ್ರ್."

ಅನೂಪ್ ಯಂತ್ರ ಬಂದ್ ಮಾಡಿ ಕೀಲಿ ಕಿತ್ತುಕೊಂಡು ಇಳಿದ. ಸುತ್ತ ನೆರೆದಿದ್ದ ಕೇರಿಯ ಜನರಿಗೆ ಕಂಡದ್ದು ಮನೆ ಕೆಡವಲು ಬಂದವನು ಮಾತ್ರ. ಹಾರಿಬಂದ ಕಲ್ಲು ಅವನ ಭುಜದ ಎಲುಬು ಮುರಿಯಿತು. ಅವನು ಬಿದ್ದಲ್ಲೇ ಬಿದ್ದಿದ್ದ. ಹೆಂಗಸರು ಅವನನ್ನು ದಾಟಿ ಓಡಿ, ಬರಿಗೈಯಲ್ಲಿ ಮಣ್ಣು ಬಗೆಯತೊಡಗಿದರು. ಕಂಪನಿಯವರು ಬೇರೆ ಡ್ರೈವರನನ್ನು ಕರೆತರುವಷ್ಟರಲ್ಲಿ ಇಡೀ ಕೇರಿ ಆ ರಾಶಿಯ ಮೇಲೆ ಕುಳಿತಿತ್ತು. ಅನೂಪನಿಗೆ ಯಾರೂ ಒಂದು ಒಳ್ಳೆಯ ಮಾತು ಹೇಳಲಿಲ್ಲ. ಕಂಪನಿ ಅವನನ್ನು ಊರಿಗೆ ಅಟ್ಟಿತು.

ಅವನಿಗಿಂತ ಮೊದಲೇ ರತನನ ಫೋನು ಉಪ್ಪುಂದ ತಲುಪಿತ್ತು: ಜನ ಕಲ್ಲೆಸೆದರೆಂದು ಹೆದರಿ ಕೆಲಸ ಬಿಟ್ಟ. ಹೆಂಡತಿ ಶ್ರೀಲತಾಳ ತಮ್ಮನಿಗೆ ರತನ್ ಮಾಡಿಸಿಕೊಡಬೇಕಿದ್ದ ವೀಸಾ ಅಲ್ಲಿಗೇ ನಿಂತಿತು.

"ಹೆದ್ರಿ ಓಡೂಕೆ ಅಷ್ಟ್ ದೂರ ಹೋಯ್ಕಿತ್ತಾ ನೀವ್?" ಎಂದಳು ಅವಳು.

ಆ ಹಸಿರು ಹೊದಿಕೆಯ ಮಾತು ಅನೂಪನ ಬಾಯಿಗೆ ಬರುತ್ತಿರಲಿಲ್ಲ. ಅವಳು ಊಟ ಬಡಿಸಿ ಒಳಗೆ ಹೋಗುತ್ತಿದ್ದಳು. ಅವನು ಬಂದರಿನ ಐಸ್ ಫ್ಯಾಕ್ಟರಿಗೆ ಕೆಲಸಕ್ಕೆ ಸೇರಿದ.

ಮರುವರ್ಷ ಗಂಡ ಹೆಂಡತಿ ಭುಜ ತೋರಿಸಲು ಕುಂದಾಪುರಕ್ಕೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ರತನ್ ಎದುರಾದ. ರಜೆಗೆ ಬಂದವನು ಕೈ ಬೀಸಿ ಕೂಗಾಡಿದ.

"ನಿನ್ನಿಂದ ಹಾಳಾಯ್ತ್! ಆ ಕೇರಿ ಇನ್ನೂ ಬಿಡ್ಲಿಲ್ಲ ಅವ್ರ್. ಕೋರ್ಟಿಗ್ ಹೋಯಿ ಗೋಡೆ ಕಟ್ತಿದ್ರ್. ಆಫೀಸಂಗೆ ನಂಗೆ ಬೈಗ್ಳ್!"

"ಆ ಅಜ್ಜಿ ಮಗನ್ನ ಮಣ್ಣ್ ಮಾಡಿದ್ರಾ?" ಎಂದು ಕೇಳಿದ ಅನೂಪ್.

"ನಂಗೆಂತಕ್ ಅದ್?" ರತನ್ ಹೊರಟುಹೋದ.

ಬಸ್ಸಿನಲ್ಲಿ ಶ್ರೀಲತಾ ಕೇಳಿದಳು, "ಯಾರ್ ಅಜ್ಜಿ?"

ಅನೂಪ್ ಮೊದಲಿನಿಂದ ಹೇಳಿದ. ಮರವಂತೆಯ ಕಡಲು ಬದಿಯಲ್ಲಿ ಹಾದುಹೋದದ್ದು ಇಬ್ಬರಿಗೂ ತಿಳಿಯಲಿಲ್ಲ. ಕೇಳಿ ಮುಗಿದ ಮೇಲೆ ಅವಳ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು.

"ಅವತ್ತೇ ಹೇಳೂಕೆ ಎಂತ ಆಯಿತ್ತ್ ನಿಮ್ಗೆ? ಊರೆಲ್ಲ ಪುಕ್ಲ ಅಂಬುವಾಗ ನಾನೂ ಹಾಂಗೇ ಅಂದ್ಕಂಡೆ" ಎಂದು, ಅಳುತ್ತಲೇ ಅವನ ಕೈಯಿಂದ ಔಷಧಿಯ ಚೀಲ ಕಸಿದು ತನ್ನ ಮಡಿಲಲ್ಲಿಟ್ಟುಕೊಂಡಳು.