ಕತ್ತರಿಸದೆ ಇಟ್ಟುಕೊಂಡ ತುಣುಕುಗಳು

ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ, ವಿಡಿಯೊ ಗೇಮ್ ಪಂದ್ಯಗಳನ್ನಾಡುವ ತಂಡವೊಂದರ ಕಚೇರಿ ಇತ್ತು. ಅಲ್ಲಿ ಅಕ್ಕ ವಿಡಿಯೊ ಎಡಿಟರ್, ತಮ್ಮ ಆಟಗಾರ. ತಮ್ಮನ ಗುರಿ ತಪ್ಪಿದ್ದೇ ಅಪರೂಪ. ಮಾತು ಮಾತ್ರ ಚಿಕ್ಕಂದಿನಿಂದಲೂ ತೊದಲು.

ತಂಡದ ಪ್ರಚಾರ ನೋಡಿಕೊಳ್ಳುತ್ತಿದ್ದವನನ್ನು ಕಚೇರಿಯವರು ಬೆನ್ನ ಹಿಂದೆ ನಗುಮೊಗ ಎನ್ನುತ್ತಿದ್ದರು. ದೊಡ್ಡ ಪಂದ್ಯವೊಂದನ್ನು ಗೆದ್ದ ದಿನ ಅವನು ತಮ್ಮನನ್ನು ಕ್ಯಾಮೆರಾ ಮುಂದೆ ನಿಲ್ಲಿಸಿ, ಪ್ರಾಯೋಜಕ ಕಂಪನಿಯೊಂದು ಆಟಗಾರರಿಗೆಂದೇ ಮಾರುವ ಕುರ್ಚಿಯ ಹೆಸರು ಹೇಳಿಸಲು ಹೋದ. ಮೊದಲ ಅಕ್ಷರದಲ್ಲೇ ನಾಲಿಗೆ ಸಿಕ್ಕಿಕೊಂಡಿತು. ಆ ತೊದಲಿಗೇ ತಾಳ ಕೂಡಿಸಿ ತಮಾಷೆಯ ಜಾಹೀರಾತು ಮಾಡು ಎಂದು ಅಕ್ಕನಿಗೆ ಹೇಳಿದ ನಗುಮೊಗ. ಅಕ್ಕ ಸುತರಾಂ ಒಪ್ಪಲಿಲ್ಲ. ಅವನು ಹೊರಗಿನವರಿಂದ ಮಾಡಿಸಿದ. ಲಕ್ಷಾಂತರ ಜನ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುತಿಂಗಳು ತಮ್ಮನನ್ನು ತಂಡದಿಂದ ಕೈಬಿಟ್ಟರು.

"ಆಟ ಚೆನ್ನಾಗಿದೆ, ಆದ್ರೆ ಹುಡುಗ ಮಾರಾಟ ಆಗಲ್ಲಮ್ಮ. ಮನಸ್ಸಿಗೆ ಹಚ್ಕೋಬೇಡ," ಎಂದ ನಗುಮೊಗ.

ತಮ್ಮ ಮನೆಯಲ್ಲೂ ಬಾಯಿಗೆ ಬೀಗ ಹಾಕಿಕೊಂಡ. ಊಟಕ್ಕೆ ಉಪ್ಪು ಬೇಕಾದರೂ ಫೋನಿನಲ್ಲಿ ಬರೆದು ತೋರಿಸುವನು. ಅಕ್ಕ ಕೆಲಸ ಬಿಡಲಿಲ್ಲ. ಅವಮಾನವನ್ನೆಲ್ಲ ಹೊಟ್ಟೆಗೆ ಹಾಕಿಕೊಂಡಳು ಎಂದೇ ಎಲ್ಲರೂ ತಿಳಿದರು. ಅವಳು ಹಲ್ಲು ಕಚ್ಚಿಕೊಂಡು ಎಂಟು ತಿಂಗಳು ಕಾದಳು. ನಗುಮೊಗನ ಚಿತ್ರೀಕರಣಗಳನ್ನು ಕತ್ತರಿಸುವವಳು ಅವಳೇ. ಕ್ಯಾಮೆರಾ ನಿಂತಿದೆ ಎಂದುಕೊಂಡು ಅವನು ಆಡಿದ ಒಂದೊಂದು ಮಾತನ್ನೂ ಎತ್ತಿಟ್ಟುಕೊಂಡಳು.

ವರ್ಷದ ಒಪ್ಪಂದ ನವೀಕರಿಸುವ ಬೆಳಿಗ್ಗೆ ಪ್ರಾಯೋಜಕರೆಲ್ಲ ಸಭೆಗೆ ಬಂದರು. ವರ್ಷದ ಸಾಧನೆಯ ವಿಡಿಯೊವನ್ನು ಅಕ್ಕನೇ ಹಾಕಿದಳು. ಅರ್ಧ ನಿಮಿಷ ಗೆದ್ದ ಟ್ರೋಫಿಗಳು, ಚಪ್ಪಾಳೆ. ಆಮೇಲೆ ಗೋಡೆಯಗಲದ ಪರದೆಯ ಮೇಲೆ ನಗುಮೊಗ. ಕುರ್ಚಿಯ ಹೆಸರು ಹೇಳಲು ಹೋಗಿ ಹನ್ನೊಂದು ಸಲ ಎಡವಿದ. ಹನ್ನೆರಡನೆಯ ಸಲ ರೇಗಿ ಅಂದ: "ಇದರ ಮೇಲೆ ಹತ್ತು ನಿಮಿಷ ಕೂತ್ರೆ ಸೊಂಟ ಹೋಗುತ್ತೆ. ತಗೊಳ್ಳೋ ಹುಡುಗರಿಗೆ ಬುದ್ಧಿ ಇದ್ರೆ ತಾನೆ?"

ಸಭೆಯಲ್ಲಿ ಕೂತಿದ್ದ ನಗುಮೊಗ ನಿಲ್ಲಿಸು ಎಂದು ಸನ್ನೆ ಮಾಡಿದ. ಅಕ್ಕ ಅವನ ಮುಖವನ್ನೇ ನೋಡುತ್ತ ಪೂರ್ತಿ ಓಡಿಸಿದಳು. ಮುಗಿದಾಗ ಕುರ್ಚಿ ಕಂಪನಿಯ ಒಡತಿ ಕನ್ನಡಕ ಮಡಚಿ, ಕಾಗದಗಳನ್ನು ಎತ್ತಿಕೊಂಡು ಹೊರಟೇಬಿಟ್ಟರು. ನಗುಮೊಗನ ಕೆಲಸ ಸಂಜೆಯೊಳಗೆ ಹೋಯಿತು. ಅಕ್ಕ ರಾಜೀನಾಮೆಯನ್ನು ಮೊದಲೇ ಬರೆದುಕೊಂಡು ಹೋಗಿದ್ದಳು.

ಮನೆಗೆ ಬಂದು ತಮ್ಮನಿಗೆ ಅದೇ ವಿಡಿಯೊ ತೋರಿಸಿದಳು. ಕುಣಿದಾಡುತ್ತಾನೆ ಎಂದುಕೊಂಡಿದ್ದಳು. ಅವನು ಒಮ್ಮೆಯೂ ನಗಲಿಲ್ಲ. ಬಹಳ ಹೊತ್ತು ತುಟಿ ಅದುರಿಸಿ, ತಿಂಗಳುಗಳ ಮೇಲೆ ಮಾತಾಡಿದ.

"ಅ... ಅಕ್ಕಾ, ಅವನಿಗೂ ಒಬ್ಬಳು ಮಗಳಿದಾಳೆ. ಇದನ್ನ ಎ... ಎಲ್ಲೂ ಹಾಕ್ಬೇಡ. ಅಳಿಸಿಬಿಡು."

ಅವನ ದನಿ ಕೇಳಿ ಅವಳ ಕಣ್ಣು ತುಂಬಿತು. ಅಷ್ಟಾದರೂ ಸಿಟ್ಟು ಇಳಿಯಲಿಲ್ಲ. ಆಯ್ತು ಕಣೋ, ಅಳಿಸ್ತೀನಿ ಎಂದಳು.

ಈಗ ತಮ್ಮ ಹೊಸ ಆಟಗಾರರಿಗೆ ತರಬೇತಿ ಕೊಡುತ್ತಾನೆ, ನಿಧಾನವಾಗಿ ಮಾತಾಡುತ್ತಾನೆ. ಅಕ್ಕನಿಗೆ ಬೇರೆ ತಂಡದಲ್ಲಿ ಕೆಲಸ. ಮೊನ್ನೆ ನಗುಮೊಗ ಅಲ್ಲಿಗೂ ಕೆಲಸ ಕೇಳಿ ಅರ್ಜಿ ಹಾಕಿದ. ಅವಳು ಅಳಿಸದೆ ಇಟ್ಟಿದ್ದ ವಿಡಿಯೊವನ್ನು ಮಾಲೀಕರ ಮುಂದಿಟ್ಟಳು.