ಚಹಾ ಕುಡಿಯದ ಕಾಕಾ

ಎಮ್ಮೆ ಸಾಕಿ ಹಾಲು ಮಾರುವ ನಮ್ಮ ಓಣಿಯ ಎಮ್ಮೆ ಕಾಕಾ ಯಾರ ಚಹಾ ಕುಡಿದರೋ ಅವರೊಡನೆ ಜಗಳ ಆಡುತ್ತಿರಲಿಲ್ಲ. “ಚಹಾ ಕುಡದ ಮ್ಯಾಲ ಜಗಳಾ ಇಲ್ಲಪಾ” ಎನ್ನುವುದು ಅವರ ಮಾತು.

ಹಾರೂಗೇರಿಯ ಸೂಪರ್ ಮಾರ್ಕೆಟ್ಟಿನಲ್ಲಿ ಚೆಲ್ಲಿದ ಎಣ್ಣೆಯ ಮೇಲೆ ಜಾರಿ ಬಿದ್ದು ಕಾಕಾ ಮೊಣಕಾಲಿಗೆ ಪೆಟ್ಟು ಮಾಡಿಕೊಂಡರು. ಕುಕ್ಕರಗಾಲಲ್ಲಿ ಕೂತು ಹಾಲು ಹಿಂಡುವಂತಿರಲಿಲ್ಲ. ದವಾಖಾನೆಯ ಖರ್ಚು ಕೇಳಲು ಕಬ್ಬಿನ ಕೆಲಸ ಬಿಟ್ಟು ನಾನೇ ಅವರನ್ನು ಆ ಮಾರ್ಕೆಟ್ಟಿಗೆ ಕರೆದೊಯ್ಯುತ್ತಿದ್ದೆ. ಅಲ್ಲಿನ ಮ್ಯಾನೇಜರ್ ಪ್ರತಿ ಸಲ, “ಕಾಕಾ, ಮೊದಲ ಚಹಾ ತಗೋರಿ” ಎನ್ನುತ್ತಿದ್ದ. ಕಾಕಾ ಮುಟ್ಟದೇ ಹೊರಬಂದು ನನಗೆ ಹೇಳುತ್ತಿದ್ದರು: “ಕುಡದ್ರ ಖರ್ಚು ಹೋತು ನೋಡೋ ತಮ್ಮಾ!”

ಕೊನೆಗೊಂದು ದಿನ ಅವರೇ ಥರ್ಮಾಸಿನಲ್ಲಿ ಎಮ್ಮೆಹಾಲಿನ ಗಟ್ಟಿ ಚಹಾ ತಂದರು. ಮ್ಯಾನೇಜರ್ ಕುಡಿದು ಮೀಸೆ ಒರೆಸಿಕೊಂಡ. “ಭಾರಿ ಐತ್ರಿ ಕಾಕಾ!”

“ನಮ್ಮ ಚಹಾ ಕುಡದ್ರಿ ಸಾಹೇಬ್ರ, ಇನ್ನ ನೀವು ಜಗಳಾ ಮಾಡಾಂಗಿಲ್ಲ. ಕಾಲಿನ ಖರ್ಚು ತಗೀರಿ.”

ಮ್ಯಾನೇಜರ್ ಖಾಲಿ ಕಪ್ಪನ್ನೇ ನೋಡುತ್ತ ಮಾಲಕನಿಗೆ ಫೋನ್ ಹಚ್ಚಿದ.